ರಾಮೆನ್ ಅಂಗಡಿಯಲ್ಲಿ ಉಷ್ಣದ ವ್ಯಾಪಾರ

ಜಪಾನಿನ ಪಟ್ಟಣಗಳಲ್ಲಿ, ರೈಲು ನಿಲ್ದಾಣದ ಹಿಂದಣ ಓಣಿಗಳಲ್ಲಿ, ಮನೆಗಳ ಸಾಲಿನ ನಡುವೆ, ಬಾಗಿಲಿಗೆ ಗಿಡ್ಡನೆಯ ಬಟ್ಟೆಯ ಪರದೆಯೊಂದನ್ನು ಇಳಿಬಿಟ್ಟಿರುವ ಸಣ್ಣ ಊಟದಂಗಡಿಗಳು ಕಾಣಸಿಗುತ್ತವೆ. ಒಳಗೆ ಉದ್ದನೆಯ ಒಂದು ಕಟ್ಟೆ. ಅದರ ಮುಂದೆ ಎಂಟೋ ಹತ್ತೋ ಪೀಠಗಳು. ಕಟ್ಟೆಯ ಆಚೆ ದೊಡ್ಡ ಕೊಳಗಗಳಲ್ಲಿ ಕುದಿಯುತ್ತಿರುವ ಸಾರು, ಶಾವಿಗೆ ಬೇಯಿಸುವ ನೀರು, ಕಬ್ಬಿಣದ ಹೆಂಚು; ಕೆಲವು ಅಂಗಡಿಗಳಲ್ಲಿ ಇದ್ದಲಿನ ಒಲೆಯೂ ಉಂಟು. ಇಲ್ಲಿಗೆ ಬರುವವರು ವಿದ್ಯಾರ್ಥಿಗಳು, ಕಾರ್ಖಾನೆಯ ಕೆಲಸಗಾರರು, ಕಚೇರಿ ಮುಗಿಸಿ ಮನೆಗೆ ಹೊರಟವರು. ಒಂದು ಬಟ್ಟಲು ರಾಮೆನ್ನಿಗೆ ಸಾವಿರ ಯೆನ್ನಿಗಿಂತ ಹೆಚ್ಚು ಬೆಲೆ ಕಟ್ಟಿದರೆ ಗಿರಾಕಿಗಳು ಹಿಂದೆ ಸರಿಯುತ್ತಾರೆಂಬ ಭಯ ಅಂಗಡಿಯವರಿಗೆ ಬಹುಕಾಲದಿಂದ ಇದೆ; ಇದಕ್ಕೆ ಅವರು ‘ಸಾವಿರ ಯೆನ್ನಿನ ಗೋಡೆ’ ಎಂದೇ ಹೆಸರಿಟ್ಟಿದ್ದಾರೆ. ಸಾರು, ಗೋಧಿಯ ಶಾವಿಗೆ, ಮೇಲೆ ಒಂದೆರಡು ಚೂರು ಮಾಂಸ, ಈರುಳ್ಳಿ ಸೊಪ್ಪು, ಅರ್ಧ ಮೊಟ್ಟೆ: ರಾಮೆನ್ ಎಂದರೆ ಇಷ್ಟೆ. ಮೂಲತಃ ಚೀನೀಯರ ಶಾವಿಗೆಯಾದ ಇದು ಯೋಕೊಹಾಮಾ ಮೊದಲಾದ ಬಂದರುಗಳ ಮೂಲಕ ಜಪಾನನ್ನು ಸೇರಿತು. 1945ರ ಸೋಲಿನ ತರುವಾಯ ಅಕ್ಕಿಗೆ ಅಭಾವವುಂಟಾಗಿ ಅಮೆರಿಕದ ಗೋಧಿ ಬಂದಿಳಿದಾಗ ದೇಶದ ಮೂಲೆಮೂಲೆಗೂ ಹರಡಿತು.

ಈ ಅಂಗಡಿಯ ರುಚಿಯನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಭೌತವಿಜ್ಞಾನದ ಪಾಠಗಳಲ್ಲಿ ಬರುವ ವಹನ, ಸಂವಹನ, ವಿಕಿರಣ, ಗುಪ್ತೋಷ್ಣ ಎಂಬ ನಾಲ್ಕು ಮಾತುಗಳೂ ಹತ್ತಡಿ ಉದ್ದದ ಒಂದು ಕಟ್ಟೆಯ ಹಿಂದೆ ಏಕಕಾಲದಲ್ಲಿ ಕೆಲಸಮಾಡುವುದನ್ನು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯುವುದು ಕಷ್ಟ. ಅದೂ ಅಲ್ಲದೆ, ಇಲ್ಲಿ ಕಣ್ಣನ್ನು ನಂಬಿ ಕುಳಿತವನು ನಾಲಗೆಯನ್ನು ಸುಟ್ಟುಕೊಳ್ಳುವ ಸಂದರ್ಭವಿದೆ. ಪ್ರಾಣವನ್ನೇ ಕಳೆದುಕೊಳ್ಳುವ ಸಂದರ್ಭವೂ ಇದೆ.

ಮೊದಲು ನಾಲಗೆಯ ವಿಷಯ. ಒಂದೇ ಕಟ್ಟೆಯ ಮೇಲೆ ಎರಡು ಬಟ್ಟಲುಗಳನ್ನು ಇರಿಸಿದೆ ಎಂದುಕೊಳ್ಳೋಣ. ಒಂದರಿಂದ ಹಬೆ ದಟ್ಟವಾಗಿ ಏಳುತ್ತಿದೆ. ಇನ್ನೊಂದರಿಂದ ಏನೂ ಏಳುತ್ತಿಲ್ಲ, ಮೇಲ್ಮೈ ಎಣ್ಣೆಯಂತೆ ಹೊಳೆಯುತ್ತ ನಿಶ್ಚಲವಾಗಿದೆ. ಯಾವುದು ಹೆಚ್ಚು ಬಿಸಿ? ಹಬೆಯಾಡುವುದೇ ಎಂದು ಬಹುಮಂದಿ ಹೇಳಿಯಾರು. ಹತ್ತು ನಿಮಿಷ ಕಳೆದ ಮೇಲೆ ಉಷ್ಣಮಾಪಕವನ್ನು ಅದ್ದಿ ನೋಡಿದರೆ ನಿಶ್ಚಲವಾದ ಬಟ್ಟಲೇ ಬಹಳ ಹೆಚ್ಚು ಬಿಸಿಯಾಗಿರುವುದು ತಿಳಿಯುತ್ತದೆ.

ಉತ್ತರದ ಹೊಕ್ಕೈಡೊ ದ್ವೀಪದಲ್ಲಿರುವ ಸಪ್ಪೊರೊ, ಅಸಾಹಿಕಾವಾ ನಗರಗಳ ಅನೇಕ ಅಂಗಡಿಗಳಲ್ಲಿ ಸಾರಿನ ಮೇಲೆ ಕರಗಿಸಿದ ಹಂದಿಯ ಕೊಬ್ಬನ್ನು ತೆಳ್ಳಗೆ ಹರಡಿ ಕೊಡುವ ವಾಡಿಕೆಯಿದೆ. ಅಸಾಹಿಕಾವಾದ ಚಳಿ ಎಂಥದೆಂಬುದಕ್ಕೆ ಒಂದು ಅಂಕಿಯನ್ನು ಹೇಳಿದರೆ ಸಾಕು: 1902ನೆಯ ಇಸವಿ ಜನವರಿ 25ರಂದು ಅಲ್ಲಿ ಉಷ್ಣತೆ ಸೊನ್ನೆಗಿಂತ 41 ಡಿಗ್ರಿ ಕೆಳಕ್ಕೆ ಇಳಿದಿತ್ತು. ಜಪಾನಿನ ಹವಾಮಾನ ಕೇಂದ್ರಗಳಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ ಅದು. ಇಂಥ ಊರಿನಲ್ಲಿ ಸಾರು ಕೊನೆಯ ಗುಟುಕಿನವರೆಗೂ ಬಿಸಿಯಾಗಿರಬೇಕೆಂದು ಜನ ಬಯಸುವುದು ಸಹಜವೇ. ಕೊಬ್ಬಿನ ಸಾಂದ್ರತೆ ನೀರಿನದಕ್ಕಿಂತ ಕಡಿಮೆ, ಸುಮಾರು 0.9, ಆದಕಾರಣ ಅದು ತೇಲುತ್ತದೆ. ಹದಿನೆಂಟು ಸೆಂಟಿಮೀಟರು ಬಾಯಗಲದ ಬಟ್ಟಲನ್ನು ಒಂದು ಮಿಲಿಮೀಟರು ದಪ್ಪಕ್ಕೆ ಮುಚ್ಚಲು 25 ಘನ ಸೆಂಟಿಮೀಟರು ಕೊಬ್ಬು ಸಾಕು.

ಕೊಬ್ಬು ಹೇಗೆ ಉಷ್ಣವನ್ನು ತಡೆಯುತ್ತದೆ ಎಂದು ಕೇಳಿದರೆ, ಕೊಬ್ಬು ಕೆಟ್ಟ ಉಷ್ಣವಾಹಕ, ಆದುದರಿಂದ ಕಂಬಳಿಯಂತೆ ಕೆಲಸಮಾಡುತ್ತದೆ ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಉತ್ತರದಲ್ಲಿ ಸತ್ಯಾಂಶವಿದ್ದರೂ ಅದು ಮುಖ್ಯ ಕಾರಣವಲ್ಲ. ಒಂದು ಮಿಲಿಮೀಟರು ಕೊಬ್ಬು ಒಡ್ಡುವ ತಡೆ, ಅದರ ಮೇಲಿರುವ ನಿಶ್ಚಲ ಗಾಳಿಯ ಪದರ ಒಡ್ಡುವ ತಡೆಯಲ್ಲಿ ಹತ್ತನೆಯ ಒಂದು ಪಾಲೂ ಇಲ್ಲ. ಈಗಾಗಲೇ ದಪ್ಪ ಕಂಬಳಿ ಹೊದ್ದಿರುವವನ ಮೇಲೆ ತೆಳುವಾದ ಪಂಚೆಯೊಂದನ್ನು ಹೊದಿಸಿದಂತೆ! ನಿಜವಾದ ಕಾರಣ ಬೇರೆ. ಬಿಸಿ ಸಾರು ತನ್ನ ಉಷ್ಣದ ಬಹುಪಾಲನ್ನು ಕಳೆದುಕೊಳ್ಳುವುದು ಆವಿಯಾಗುವುದರಿಂದ. ಒಂದು ಗ್ರಾಂ ನೀರು ಸುಮಾರು 80 ಡಿಗ್ರಿಯಲ್ಲಿ ಆವಿಯಾಗಬೇಕಾದರೆ ಹತ್ತಿರ ಹತ್ತಿರ 550 ಕ್ಯಾಲೊರಿ ಉಷ್ಣವನ್ನು ಕೊಂಡೊಯ್ಯುತ್ತದೆ. ಇದೇ ಗುಪ್ತೋಷ್ಣ. ಬಟ್ಟಲಿನಲ್ಲಿ 350 ಗ್ರಾಂ ಸಾರಿದ್ದು ಅದರಲ್ಲಿ ಕೇವಲ 10 ಗ್ರಾಂ ಆವಿಯಾಗಿ ಹೋದರೆ 5,500 ಕ್ಯಾಲೊರಿ ನಷ್ಟ; ಅದನ್ನು 350ರಿಂದ ಭಾಗಿಸಿದರೆ ಸಾರು ಸುಮಾರು 16 ಡಿಗ್ರಿ ತಣಿಯಬೇಕಾಗುತ್ತದೆ. ಶಾವಿಗೆಯಲ್ಲಿ ಅಡಗಿರುವ ಉಷ್ಣವನ್ನೂ ಲೆಕ್ಕಕ್ಕೆ ಹಿಡಿದರೆ 11 ಡಿಗ್ರಿ ಎನ್ನಬಹುದು. ಎರಡು ಚಿಕ್ಕ ಚಮಚ ನೀರು ಹಾರಿಹೋದುದಕ್ಕೆ ತೆತ್ತ ಬೆಲೆ ಇದು. ಕೊಬ್ಬಾದರೋ ಈ ಉಷ್ಣತೆಯಲ್ಲಿ ಆವಿಯಾಗುವುದೇ ಇಲ್ಲವೆನ್ನಬೇಕು. ನೀರಿನ ಅಣುಗಳಿಗೆ ಹೊರಕ್ಕೆ ಹೋಗುವ ಬಾಗಿಲನ್ನು ಅದು ಮುಚ್ಚಿಬಿಡುತ್ತದೆ.

ಈಗ ಹಬೆಯ ಮರ್ಮವೂ ತಿಳಿಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಬಿಳಿಯ ಹಬೆ ನೀರಾವಿಯಲ್ಲ. ನೀರಾವಿ ಕಣ್ಣಿಗೆ ಕಾಣದ ಅನಿಲ. ಅದು ಮೇಲಿನ ತಂಪುಗಾಳಿಯನ್ನು ಸೇರಿ ಮತ್ತೆ ಸಣ್ಣ ಸಣ್ಣ ಹನಿಗಳಾದಾಗ ಕಾಣಿಸುತ್ತದೆ. ಎಂದಮೇಲೆ ಹಬೆ ಕಂಡಿತೆಂದರೆ ಬಟ್ಟಲು ತಣಿಯುವ ಕೆಲಸ ಭರದಿಂದ ಸಾಗಿದೆ ಎಂದರ್ಥ. ಮೇಲೆ ಎಣ್ಣೆ ತೇಲುವ ಸಾರನ್ನು ಆತುರದಿಂದ ಬಾಯಿಗಿಟ್ಟ ಅನುಭವ ನಮ್ಮ ವಾಚಕರಲ್ಲಿ ಯಾರಿಗಾದರೂ ಇದ್ದೇ ಇರುತ್ತದೆ. ಅಸಾಹಿಕಾವಾದ ಬಟ್ಟಲೂ ಅಂಥದೇ.

ಬಟ್ಟಲಿನ ಮಾತು ಬಂದುದರಿಂದ ಇನ್ನೊಂದು ಲೆಕ್ಕ. ದಪ್ಪ ಪಿಂಗಾಣಿಯ ಬಟ್ಟಲು 700 ಗ್ರಾಂ ತೂಗುತ್ತದೆಯೆಂದೂ ಅದರ ವಿಶಿಷ್ಟೋಷ್ಣ 0.2 ಎಂದೂ ಇಟ್ಟುಕೊಳ್ಳೋಣ. 20 ಡಿಗ್ರಿಯಲ್ಲಿರುವ ಆ ಬಟ್ಟಲಿಗೆ 95 ಡಿಗ್ರಿಯ 350 ಗ್ರಾಂ ಸಾರನ್ನು ಸುರಿದರೆ, ಎರಡೂ ಸಮನಾಗುವ ಹೊತ್ತಿಗೆ ಸಾರು 74 ಡಿಗ್ರಿಗೆ ಇಳಿದಿರುತ್ತದೆ. ಅದೇ ಬಟ್ಟಲನ್ನು ಮೊದಲು ಬಿಸಿನೀರಿನಲ್ಲಿಟ್ಟು 70 ಡಿಗ್ರಿಗೆ ಏರಿಸಿಕೊಂಡಿದ್ದರೆ 88 ಡಿಗ್ರಿಯಲ್ಲೇ ನಿಲ್ಲುತ್ತದೆ. ಬಟ್ಟಲಿಗೆ ಬಿಸಿನೀರು ಹೊಯ್ದು ಚೆಲ್ಲುವುದು ಅಂಗಡಿಯವನ ಆಚಾರವೆಂದು ಭಾವಿಸಿದವರು ಈ ಹದಿನಾಲ್ಕು ಡಿಗ್ರಿಗಳನ್ನು ನೆನೆಯಬೇಕು. ವಿದ್ಯಾರ್ಥಿಗಳು ಈ ಎರಡು ಸಂಖ್ಯೆಗಳನ್ನೂ ತಾವೇ ಲೆಕ್ಕಮಾಡಿ ನೋಡುವುದು ಒಳ್ಳೆಯದು. ಕ್ಯಾಲೊರಿಮಾಪಕದ ಪಾಠದಲ್ಲಿರುವುದಕ್ಕಿಂತ ಹೆಚ್ಚೇನೂ ಇದಕ್ಕೆ ಬೇಡ.

ಇಷ್ಟು ಬಿಸಿಯಾದ ಸಾರನ್ನು ಜಪಾನೀಯರು ತಣಿಯಗೊಡದೆ ಉಣ್ಣುವುದು ಹೇಗೆ? ಸೊರ್ರೆಂದು ಸದ್ದು ಮಾಡುತ್ತ ಹೀರುತ್ತಾರೆ. ಶಾವಿಗೆಯನ್ನು ಹೀಗೆ ಹೀರುವುದು ಅಲ್ಲಿ ಅಸಭ್ಯವಲ್ಲ. ಹೀರುವಾಗ ಶಾವಿಗೆಯೊಡನೆ ಗಾಳಿಯೂ ವೇಗವಾಗಿ ಒಳನುಗ್ಗಿ ಮೇಲಿನ ನೀರನ್ನು ಆವಿಯಾಗಿಸಿ ಕ್ಷಣಮಾತ್ರದಲ್ಲಿ ಉಷ್ಣವನ್ನು ಕದಿಯುತ್ತದೆ. ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತರದಿಂದ ಸುರಿಯುವ ನಮ್ಮ ಕ್ರಮವೂ ಇದೇ ತತ್ತ್ವವನ್ನು ಅವಲಂಬಿಸಿದೆ: ದ್ರವಕ್ಕೆ ಹೆಚ್ಚು ಮೈಯನ್ನು ಒದಗಿಸು, ಗಾಳಿಯನ್ನು ತಗುಲಿಸು. ಹೀರಿದ ಗಾಳಿ ಗಂಟಲಿನ ಹಿಂಬದಿಯಿಂದ ಮೂಗನ್ನು ಸೇರಿ ಪರಿಮಳವನ್ನು ಅಲ್ಲಿಗೆ ಮುಟ್ಟಿಸುತ್ತದೆ. ಇದು ಹೆಚ್ಚಿನ ಲಾಭ.

ಇನ್ನು ಶಾವಿಗೆ. ಒಂದೇ ತೂಕದ ಹಿಟ್ಟಿನಿಂದ ಎಳೆಯನ್ನು ಅರ್ಧ ದಪ್ಪಕ್ಕೆ ತೆಗೆದರೆ ಒಟ್ಟು ಮೈಯ ವಿಸ್ತಾರ ಎರಡರಷ್ಟಾಗುತ್ತದೆ. ಅಂಟಿಕೊಳ್ಳುವ ಸಾರೂ ಅದಕ್ಕನುಗುಣವಾಗಿ ಹೆಚ್ಚುತ್ತದೆ. ಆದರೆ ಬೇಯುವ ಕಾಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಉಷ್ಣವೂ ನೀರೂ ಹಿಟ್ಟಿನೊಳಕ್ಕೆ ಇಳಿಯುವುದಕ್ಕೆ ಬೇಕಾದ ಕಾಲವು ದಪ್ಪದ ವರ್ಗವನ್ನು ಅನುಸರಿಸುತ್ತದೆ. ಒಂದೂವರೆ ಮಿಲಿಮೀಟರಿನ ಎಳೆಗೆ ಒಂದು ನಿಮಿಷ ಸಾಕಾದರೆ ಮೂರರಷ್ಟು ದಪ್ಪವಾದ ಎಳೆಗೆ ಒಂಬತ್ತು ನಿಮಿಷ ಬೇಕು. ಉದೋನ್ ಎಂಬ ದಪ್ಪ ಶಾವಿಗೆ ಬೇಯುವ ಹೊತ್ತಿಗೂ ಇದು ಹೆಚ್ಚು ಕಡಿಮೆ ಹೊಂದುತ್ತದೆ. ದಕ್ಷಿಣದ ಫುಕುವೋಕಾ ನಗರದಲ್ಲಿ ನಗಹಾಮಾ ಮೀನು ಮಾರುಕಟ್ಟೆಯ ಕೆಲಸಗಾರರಿಗೆ ಕಾಯುವ ವ್ಯವಧಾನವಿರಲಿಲ್ಲವಾಗಿ ಅಲ್ಲಿಯ ಎಳೆ ಬಹಳ ಸಣ್ಣದಾಯಿತು. ಆದರೆ ಬೇಗ ಬೇಯುವುದು ಬಟ್ಟಲಿನಲ್ಲೂ ಬೇಗನೆ ನೀರು ಕುಡಿದು ಮೆತ್ತಗಾಗುವುದು ಅನಿವಾರ್ಯ. ಆದುದರಿಂದ ಮೊದಲು ಸ್ವಲ್ಪವೇ ಶಾವಿಗೆ ಕೊಟ್ಟು, ಮುಗಿದ ಮೇಲೆ ಉಳಿದ ಸಾರಿಗೆ ಹೊಸದಾಗಿ ಬೇಯಿಸಿದ ಇನ್ನೊಂದು ಹಿಡಿಯನ್ನು ಹಾಕಿಸಿಕೊಳ್ಳುವ ಪದ್ಧತಿ ಬೆಳೆಯಿತು. ಇದಕ್ಕೆ ಕಾಯೆದಾಮಾ ಎಂದು ಹೆಸರು. ವರ್ಗದ ನಿಯಮವನ್ನು ಅವರು ಓದಿ ತಿಳಿದಿರಲಿಲ್ಲ, ಉಂಡು ತಿಳಿದಿದ್ದರು.

ರಾಮೆನ್ ಶಾವಿಗೆಯ ಹಳದಿ ಬಣ್ಣ ಮೊಟ್ಟೆಯದೇ ಆಗಬೇಕೆಂದಿಲ್ಲ. ಹಿಟ್ಟಿಗೆ ಕನ್ಸುಯಿ ಎಂಬ ಕ್ಷಾರಜಲವನ್ನು ಬೆರೆಸುತ್ತಾರೆ. ಸೋಡಿಯಂ ಕಾರ್ಬೊನೇಟ್ ಮತ್ತು ಪೊಟಾಸಿಯಂ ಕಾರ್ಬೊನೇಟ್‌ಗಳು ಅದರಲ್ಲಿರುತ್ತವೆ. ಗೋಧಿಯಲ್ಲಿರುವ ಕೆಲವು ವರ್ಣದ್ರವ್ಯಗಳು ಸಾಧಾರಣವಾಗಿ ಬಣ್ಣವಿಲ್ಲದೆ ಇದ್ದು ಕ್ಷಾರದಲ್ಲಿ ಹಳದಿಯಾಗುತ್ತವೆ. ಅರಿಸಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುವುದನ್ನು ಬಲ್ಲ ನಮಗೆ ಇದು ವಿಚಿತ್ರವೇನಲ್ಲ. ಕ್ಷಾರವು ಹಿಟ್ಟಿನ ಪ್ರೋಟೀನನ್ನು ಬಿಗಿಗೊಳಿಸಿ ಎಳೆಗೆ ಪುಟಿಯುವ ಗುಣವನ್ನೂ ಕೊಡುತ್ತದೆ.

ಸಾರಿನ ರುಚಿಯ ವಿಷಯವಾಗಿ ರಸಾಯನಶಾಸ್ತ್ರಜ್ಞರು ಬರೆಯಬೇಕಾದುದನ್ನು ನಾವು ಎರಡೇ ವಾಕ್ಯಗಳಲ್ಲಿ ಹೇಳಿ ಮುಂದುವರಿಯುತ್ತೇವೆ. ಟೋಕಿಯೊ ವಿಶ್ವವಿದ್ಯಾನಿಲಯದ ಕಿಕುನಾಯೆ ಇಕೆದಾ ಅವರು 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅವರ ಶಿಷ್ಯ ಕೊದಾಮಾ 1913ರಲ್ಲಿ ಒಣಮೀನಿನಿಂದ ಇನೊಸಿನೇಟನ್ನು ಗುರುತಿಸಿದರು. ಎರಡೂ ಒಂದೇ ಸಾರಿನಲ್ಲಿ ಸೇರಿದರೆ ರುಚಿಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ ಎನ್ನಬಹುದು.

ಸಾರಿನ ಬಣ್ಣ ಮಾತ್ರ ನಮ್ಮ ಕ್ಷೇತ್ರಕ್ಕೆ ಸೇರಿದ್ದು. ಟೋಕಿಯೊದ ಹಳೆಯ ಬಗೆಯ ಸಾರು ತಿಳಿಯಾದದ್ದು, ಬಟ್ಟಲಿನ ತಳ ಕಾಣುವಂತಹದು. ದಕ್ಷಿಣದ ಕ್ಯೂಶೂ ದ್ವೀಪದ ತೋನ್ಕೋತ್ಸು ಹಾಲಿನಂತೆ ಬೆಳ್ಳಗೆ. ಆದರೆ ಅದರಲ್ಲಿ ಹಾಲು ಒಂದು ತೊಟ್ಟೂ ಇಲ್ಲ. ಇರುವುದು ಹಂದಿಯ ಎಲುಬು ಮತ್ತು ನೀರು. ತಿಳಿಸಾರನ್ನು ಸಣ್ಣ ಉರಿಯಲ್ಲಿ, ನೀರು ಅಲುಗಿತೋ ಇಲ್ಲವೋ ಎಂಬಂತೆ ಕಾಯಿಸುತ್ತಾರೆ. ಬಿಳಿ ಸಾರನ್ನು ಗಂಟೆಗಟ್ಟಲೆ ಕೊತಕೊತನೆ ಕುದಿಸುತ್ತಾರೆ. ಜೋರಾಗಿ ಕುದಿಸಿದರೆ ನೀರು ಹೆಚ್ಚು ಬಿಸಿಯಾಗುತ್ತದೆಂದು ತಿಳಿದ ವಿದ್ಯಾರ್ಥಿಗಳು ಇನ್ನೂ ಇದ್ದಾರೆ. ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಉಷ್ಣತೆ 100 ಡಿಗ್ರಿಯನ್ನು ದಾಟದು (ಬೆಂಗಳೂರಿನ ಎತ್ತರದಲ್ಲಿ 97ನ್ನು). ಹೆಚ್ಚಿನ ಉರಿಯೆಲ್ಲ ಗುಳ್ಳೆಗಳನ್ನು ಎಬ್ಬಿಸಿ ನೀರನ್ನು ಕಡೆಯುವುದರಲ್ಲಿ ವೆಚ್ಚವಾಗುತ್ತದೆ. ತೋನ್ಕೋತ್ಸುವಿಗೆ ಬೇಕಾದುದು ಆ ಕಡೆತವೇ. ಎಲುಬಿನ ಕೊಬ್ಬು ಕಡೆಯಲ್ಪಟ್ಟು ಅತಿಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಎಲುಬು ಮತ್ತು ಚರ್ಮದಿಂದ ಬಿಡುಗಡೆಯಾದ ಜೆಲಾಟಿನ್ ಆ ಹನಿಗಳನ್ನು ಸುತ್ತುವರಿದು ಮತ್ತೆ ಒಂದುಗೂಡದಂತೆ ನೋಡಿಕೊಳ್ಳುತ್ತದೆ. ಬೆಳಕು ಇಂಥ ಕೋಟ್ಯಂತರ ಹನಿಗಳಿಗೆ ಬಡಿದು ಎಲ್ಲ ದಿಕ್ಕಿಗೂ ಚದುರುತ್ತದೆ. ಎಲ್ಲ ಬಣ್ಣಗಳೂ ಬಹುಮಟ್ಟಿಗೆ ಸಮವಾಗಿ ಚದುರುವುದರಿಂದ ಕಣ್ಣಿಗೆ ಬಿಳುಪು ಕಾಣುತ್ತದೆ. ಹಾಲಿನ ಬಿಳುಪಿಗೂ, ಮೋಡದ ಬಿಳುಪಿಗೂ ಕಾರಣ ಬೇರೆಯಲ್ಲ.

ಇದೇ 100 ಡಿಗ್ರಿಯ ಮೇಲೆಕಟ್ಟಿನ ಇನ್ನೊಂದು ಉಪಯೋಗವನ್ನು ಪಕ್ಕದ ಹೆಂಚಿನ ಮೇಲೆ ನೋಡಬಹುದು. ಗ್ಯೋಜಾ ಎಂಬುದು ಮಾಂಸ, ಕೋಸುಗಳನ್ನು ತುಂಬಿ ಮಡಿಸಿದ, ನಮ್ಮ ಕರ್ಜಿಕಾಯಿಯ ಆಕಾರದ ತಿಂಡಿ. ಅದನ್ನು ಬಿಸಿ ಹೆಂಚಿನ ಮೇಲೆ ಸಾಲಾಗಿ ಇಟ್ಟು, ನೀರು ಹೊಯ್ದು, ಮುಚ್ಚಳ ಹಾಕುತ್ತಾರೆ. ನೀರು ಇರುವವರೆಗೆ ಒಳಗಿನ ಉಷ್ಣತೆ 100ರ ಆಸುಪಾಸಿನಲ್ಲೇ ನಿಂತು ಹೂರಣ ಹಬೆಯಲ್ಲಿ ಬೇಯುತ್ತದೆ. ಕೊನೆಯ ಹನಿ ಆರಿದೊಡನೆ ಸದ್ದು ಬದಲಾಗುತ್ತದೆ. ಗಳಗಳ ಎನ್ನುವುದು ನಿಂತು ಚಿಟಿಚಿಟಿ ಕೇಳುತ್ತದೆ. ತಳದ ಉಷ್ಣತೆ ಈಗ ತಡೆಯಿಲ್ಲದೆ 140, 150 ಡಿಗ್ರಿಗೆ ಏರಿ, ಫ್ರೆಂಚ್ ವಿಜ್ಞಾನಿ ಮಯಾರ್ 1912ರಲ್ಲಿ ವಿವರಿಸಿದ ಸಕ್ಕರೆ ಹಾಗೂ ಅಮೈನೊ ಆಮ್ಲಗಳ ಕ್ರಿಯೆ ಚುರುಕಾಗಿ ಕಂದುಬಣ್ಣ ಹುಟ್ಟುತ್ತದೆ. ಗಡಿಯಾರ ನೋಡದೆ ಕಿವಿಗೊಟ್ಟು ಕೆಲಸಮಾಡುವ ಅಡಿಗೆಯವನು ಗುಪ್ತೋಷ್ಣದ ಲೆಕ್ಕ ಮುಗಿದುದನ್ನು ಕೇಳುತ್ತಿರುತ್ತಾನೆ.

ಕೊನೆಗೆ ಇದ್ದಲಿನ ಒಲೆ. ಕೋಳಿಮಾಂಸದ ಚೂರುಗಳನ್ನು ಬಿದಿರಿನ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಯಾಕಿತೋರಿಗೆ ಬಿಂಚೋತಾನ್ ಎಂಬ ಇದ್ದಲು ಶ್ರೇಷ್ಠವೆಂದು ಹೆಸರಾಗಿದೆ. ವಾಕಾಯಾಮಾ ಪ್ರಾಂತದಲ್ಲಿ ಉಬಾಮೆಗಾಶಿ ಎಂಬ ಗಟ್ಟಿಮರದಿಂದ ಇದನ್ನು ತಯಾರಿಸುತ್ತಾರೆ. ಕಟ್ಟಕಡೆಗೆ ಗೂಡಿಗೆ ಗಾಳಿ ಬಿಟ್ಟು ಸುಮಾರು 1,000 ಡಿಗ್ರಿಗೆ ಏರಿಸಿ ಆ ಬಳಿಕ ಬೂದಿಮಣ್ಣು ಮುಚ್ಚಿ ಆರಿಸುತ್ತಾರೆ. ಉಳಿಯುವುದು ಬಹುತೇಕ ಶುದ್ಧ ಇಂಗಾಲ. ಎರಡು ತುಂಡುಗಳನ್ನು ತಾಗಿಸಿದರೆ ಲೋಹದಂತೆ ಠಣ್ ಎನ್ನುತ್ತದೆ. ವಿದ್ಯುತ್ತೂ ಅದರಲ್ಲಿ ಹರಿಯುತ್ತದೆ.

ಕೆಂಡದಿಂದ ಮಾಂಸಕ್ಕೆ ಉಷ್ಣ ತಲಪುವುದು ಹೆಚ್ಚಾಗಿ ವಿಕಿರಣದಿಂದ. 1879ರಲ್ಲಿ ಸ್ಟೆಫಾನ್ ಕಂಡುಹಿಡಿದು 1884ರಲ್ಲಿ ಬೋಲ್ಟ್ಸ್‌ಮನ್ ಸಾಧಿಸಿ ತೋರಿಸಿದ ನಿಯಮದಂತೆ, ಕಾದ ಮೈಯೊಂದು ಸೂಸುವ ಶಕ್ತಿ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. 800 ಡಿಗ್ರಿ ಸೆಂಟಿಗ್ರೇಡ್ ಎಂದರೆ ನಿರಪೇಕ್ಷ ಮಾನದಲ್ಲಿ 1,073. ಲೆಕ್ಕಮಾಡಿದರೆ ಚದರ ಸೆಂಟಿಮೀಟರಿಗೆ 7½ ವಾಟ್ ಬರುತ್ತದೆ. ಅಂಗೈಯಗಲದ ಕೆಂಡದ ಹಾಸು 750 ವಾಟ್, ಒಂದು ವಿದ್ಯುತ್ ಇಸ್ತ್ರಿಪೆಟ್ಟಿಗೆಯಷ್ಟು! ಅಡಿಗೆಯವನು ಬೀಸಣಿಗೆಯಿಂದ ಗಾಳಿ ಹಾಕಿ ಅದನ್ನು 1,000 ಡಿಗ್ರಿಗೆ ಏರಿಸಿದನೆನ್ನಿ. ನಿರಪೇಕ್ಷ ಮಾನದಲ್ಲಿ ಏರಿಕೆ ಐದರಲ್ಲೊಂದು ಪಾಲೂ ಇಲ್ಲ. ಆದರೆ ಸೂಸುವ ಶಕ್ತಿ ಎರಡರಷ್ಟಾಗುತ್ತದೆ. ಬೀಸಣಿಗೆಯ ಪ್ರಭಾವ ಅಷ್ಟು.

ಕೆಂಡದ ಕೆಂಪು ನಮಗೆ ಕಾಣುತ್ತದೆಯಾದರೂ ಅದು ಸೂಸುವ ಶಕ್ತಿಯಲ್ಲಿ ಕಾಣುವ ಬೆಳಕಿನ ಪಾಲು ಅತ್ಯಲ್ಪ. ಉಳಿದುದೆಲ್ಲ ಕೆಂಪಿನಿಂದಾಚೆ ಇರುವ, ಕಣ್ಣಿಗೆ ಗೋಚರಿಸದ ರಕ್ತಾತೀತ ಕಿರಣಗಳು. ಅವುಗಳ ಅಲೆಯುದ್ದ ಮಿಲಿಮೀಟರಿನ ಸಾವಿರದ ಮೂರು ಭಾಗಗಳ ಆಸುಪಾಸಿನಲ್ಲಿ ಅತ್ಯಂತ ಪ್ರಬಲವಾಗಿರುತ್ತದೆ. ಈ ಕಿರಣಗಳು ಮಾಂಸದ ಹೃದಯದವರೆಗೂ ತೂರಿಹೋಗಿ ಒಳಗಿನಿಂದ ಬೇಯಿಸುತ್ತವೆ ಎಂದು ಇದ್ದಲಿನ ಅಭಿಮಾನಿಗಳು ಹೇಳುವುದುಂಟು. ಇದು ಸರಿಯಲ್ಲ. ಆ ಅಲೆಯುದ್ದಗಳನ್ನು ನೀರು ಬಹು ಪ್ರಬಲವಾಗಿ ಹೀರುತ್ತದೆ. ಮಾಂಸದಲ್ಲಿ ಹೆಚ್ಚಿನ ಪಾಲು ನೀರೇ ಆದುದರಿಂದ ಒಂದು ಮಿಲಿಮೀಟರು ಒಳಹೋಗುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಅಲ್ಲಿಂದ ಮುಂದೆ ನಿಧಾನವಾದ ವಹನವೇ ಗತಿ. ಹೊರಗೆ ಗರಿಗರಿ, ಒಳಗೆ ರಸಭರಿತ ಎಂದು ಅವರು ಹೊಗಳುವುದು ಈ ಕಾರಣಕ್ಕಾಗಿಯೇ. ಕಿರಣ ತೂರುವುದರಿಂದಲ್ಲ, ತೂರದಿರುವುದರಿಂದ.

ಬಿಂಚೋತಾನ್ ಹೊಗೆ ಕಾರುವುದಿಲ್ಲ. ಅದರ ಮಹಿಮೆಯೂ ಅದೇ, ಅಪಾಯವೂ ಅದೇ. ಕೆಂಡದ ತಳದಲ್ಲಿ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕೆಂಪಾದ ಇಂಗಾಲದ ನಡುವೆ ಹಾದು ಬರುವಾಗ ಮತ್ತಷ್ಟು ಇಂಗಾಲವನ್ನು ಕೂಡಿಸಿಕೊಂಡು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಕೆಂಡದ ಮೇಲೆ ಕೆಲವೊಮ್ಮೆ ಕುಣಿಯುವ ನೀಲಿಯ ಸಣ್ಣ ಜ್ವಾಲೆ ಈ ಅನಿಲ ಉರಿಯುವುದೇ. ಉರಿಯದೆ ಉಳಿದದ್ದು ಕೋಣೆಯನ್ನು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ.

ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಆಸಕ್ತಿಯಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಇದೆ. ಅದರ ಇನ್ನೂರ ಹತ್ತನೆಯ ಒಂದು ಪಾಲು, ಎಂದರೆ ಸಾವಿರದಲ್ಲಿ ಒಂದು ಪಾಲು ಮಾನಾಕ್ಸೈಡ್ ಇದ್ದರೂ ಸಾಕು, ಕೆಲವು ಗಂಟೆಗಳಲ್ಲಿ ಅರ್ಧ ಹೀಮೊಗ್ಲೋಬಿನ್ ಅದರ ವಶವಾಗುತ್ತದೆ. ಅದು ಮರಣದ ಹೊಸ್ತಿಲು. ಮೂರು ಮೀಟರು ಉದ್ದ, ಮೂರು ಅಗಲ, ಮೂರು ಎತ್ತರದ ಮುಚ್ಚಿದ ಕೋಣೆಯಲ್ಲಿ 27,000 ಲೀಟರು ಗಾಳಿಯಿರುತ್ತದೆ. ಅದರ ಸಾವಿರದ ಒಂದು ಪಾಲು 27 ಲೀಟರು. ಅಷ್ಟು ಮಾನಾಕ್ಸೈಡ್ ಹುಟ್ಟಲು ಬೇಕಾದ ಇಂಗಾಲ ಹದಿನಾಲ್ಕು ಗ್ರಾಂಗೂ ಕಡಿಮೆ. ಉರಿದ ಇದ್ದಲೆಲ್ಲ ಮಾನಾಕ್ಸೈಡ್ ಆಗುವುದಿಲ್ಲ ನಿಜ. ಆದರೆ ಒಂದು ಬಾಣಲೆ ಕೆಂಡದಲ್ಲಿ ಹದಿನಾಲ್ಕು ಗ್ರಾಂ ಎಷ್ಟರದು!

ಚಳಿಗಾಲದ ರಾತ್ರಿ ಬಾಗಿಲು ಕಿಟಕಿಗಳನ್ನು ಬಿಗಿದು, ಅಗ್ಗಿಷ್ಟಿಕೆಯನ್ನು ಹಾಸಿಗೆಯ ಬಳಿ ಇಟ್ಟುಕೊಂಡು ಮಲಗಿದವರು ಬೆಳಗಾದರೂ ಏಳಲಿಲ್ಲವೆಂಬ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಬರುತ್ತಿದೆ. ಹೊಗೆ ನಿಂತಮೇಲೆ ಒಳಗೆ ತಂದರೆ ಬಾಧಕವಿಲ್ಲವೆಂಬ ನಂಬಿಕೆಯೇ ಇದಕ್ಕೆ ಕಾರಣ. ಹೊಗೆ ನಿಂತುದು ಮರದ ತೈಲಾಂಶ ಮುಗಿದುದರ ಗುರುತು. ಮಾನಾಕ್ಸೈಡಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು. ಎಚ್ಚರವಾಗಿರುವವನಿಗೆ ಈ ಚಿಹ್ನೆಗಳು ತಿಳಿದಾವು. ನಿದ್ರಿಸುವವನಿಗೆ ಯಾವುದೂ ತಿಳಿಯುವುದಿಲ್ಲ. ಕೋಣೆಯಲ್ಲಿರುವ ಹಲವರಿಗೆ ಒಟ್ಟಿಗೆ ತಲೆನೋವು ಬಂದರೆ ಮದ್ದು ಹುಡುಕುತ್ತ ಕೂರದೆ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತರಬೇಕು, ಒಡನೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಯಾಕಿತೋರಿ ಒಲೆಯ ಮೇಲೆ ಅಂಗಡಿಯವರು ತಗಡಿನ ದೊಡ್ಡ ಗವಸನ್ನೂ ಗಾಳಿ ಹೀರುವ ಪಂಖವನ್ನೂ ಅಳವಡಿಸಿರುತ್ತಾರೆ. ಪಂಖವೊಂದೇ ಸಾಲದು. ಹೊರಕ್ಕೆ ಹೋದಷ್ಟೇ ಗಾಳಿ ಒಳಕ್ಕೂ ಬರಬೇಕು; ಚಳಿಯೆಂದು ಎಲ್ಲ ಸಂದುಗಳನ್ನೂ ಮುಚ್ಚಿದರೆ ಪಂಖ ತಿರುಗುತ್ತಿದ್ದರೂ ಗಾಳಿ ಹರಿಯದು. ಜನವರಿಯ ಸಂಜೆ ಇಂಥ ಅಂಗಡಿಯಲ್ಲಿ ಬಾಗಿಲ ಬದಿಯ ಪೀಠದಲ್ಲಿ ಕುಳಿತ ಗಿರಾಕಿಗೆ ಪರದೆಯ ಕೆಳಗಿನಿಂದ ಕೊರೆಯುವ ಗಾಳಿ ಬಂದು ಕಾಲಿಗೆ ತಗಲುತ್ತದೆ. ಅವನು ಗೊಣಗಬಹುದು, ಬಾಗಿಲನ್ನು ಪೂರ್ತಿ ಮುಚ್ಚಲು ಮಾತ್ರ ಅಂಗಡಿಯವನು ಒಪ್ಪಬಾರದು.